ಗಂಜಿ ಉಕ್ಕುವ ಹೊತ್ತು: ಥ್ರಿಲ್ಲರ್ ಚಿತ್ರದ ಮೊದಲ 2 ನಿಮಿಷ

ಕೇಳುಗರಿಗೆ ನಮಸ್ಕಾರ.

ಸಿನಿಮಾ ಕಲಿಯುವ ವಿದ್ಯಾರ್ಥಿಗಳಿಗೆ ಕೊಡುವ ಕೆಲಸಗಳಲ್ಲಿ ಒಂದು ಹೀಗಿರುತ್ತದೆ: ಥ್ರಿಲ್ಲರ್ ಚಿತ್ರವೊಂದರ ಮೊದಲ 2 ನಿಮಿಷ ಮಾತ್ರ ಮಾಡಿ ತನ್ನಿ. ಪೂರ್ತಿ ಸಿನಿಮಾ ಬೇಡ, ಕಥೆ ಮುಗಿಯುವುದೂ ಬೇಡ. ಟೈಟಲ್ ಕಾರ್ಡುಗಳೂ ಸೇರಿ 120 ಸೆಕೆಂಡು. ಕೇಳಲಿಕ್ಕೆ ಸಲೀಸು. ಮಾಡಿ ತಂದದ್ದನ್ನು ನೋಡಿದರೆ ಹೆಚ್ಚಿನವು ಒಂದೇ ಅಚ್ಚಿನವು. ಅಲಾರಂ ಹೊಡೆಯುತ್ತದೆ, ಹುಡುಗ ಎದ್ದು ಕನ್ನಡಿ ನೋಡಿಕೊಳ್ಳುತ್ತಾನೆ, ಫೋನು ಬರುತ್ತದೆ, ತಲೆಗೆ ಟೊಪ್ಪಿ ಎಳೆದುಕೊಂಡ ಕಪ್ಪು ಜಾಕೆಟಿನವನೊಬ್ಬ ಹಿಂದಿನಿಂದ ಬರುತ್ತಾನೆ. ಮಂಗಳೂರಿನ ಮಾರ್ಚ್ ತಿಂಗಳ ಸೆಕೆಯಲ್ಲಿ ಆ ಜಾಕೆಟಿನವನನ್ನು ಕಂಡರೆ ಹೆದರಿಕೆ ಆಗುವುದಿಲ್ಲ, ಪಾಪ ಅನ್ನಿಸುತ್ತದೆ. ಮುಖ ಮುಚ್ಚಲೇಬೇಕಿದ್ದರೆ ಜುಲೈವರೆಗೆ ಕಾಯಿರಿ. ರೈನ್‌ಕೋಟು, ಹೆಲ್ಮೆಟ್ಟು ಹಾಕಿಕೊಂಡು ಬಂದವನ ಮುಖ ಆಗ ಯಾರಿಗೂ ಕಾಣುವುದಿಲ್ಲ, ಯಾರಿಗೂ ಅನುಮಾನವೂ ಬರುವುದಿಲ್ಲ. ಹೆದರಿಸುವುದು ಅದೇ.

ಥ್ರಿಲ್ಲರಿನ ಆರಂಭದಲ್ಲಿ ಕೊಲೆ ತೋರಿಸಬೇಕೆಂದೇನೂ ಇಲ್ಲ. ನೋಡುವವನಿಗೆ ಗೊತ್ತಿರುವುದು ಪಾತ್ರಕ್ಕೆ ಗೊತ್ತಿರಬಾರದು, ಅಷ್ಟೇ. ಥ್ರಿಲ್ಲರುಗಳಿಗೆ ಹೆಸರಾದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಇದಕ್ಕೆ ಮೇಜಿನಡಿಯ ಬಾಂಬಿನ ಉದಾಹರಣೆ ಕೊಡುತ್ತಿದ್ದರು: ಬಾಂಬು ಇರುವುದು ನೋಡುವವನಿಗೆ ಗೊತ್ತು, ಮೇಜಿನೆದುರು ಕೂತು ಮಾತಾಡುವವರಿಗೆ ಗೊತ್ತಿಲ್ಲ. ನಮಗೆ ಬಾಂಬು ಬೇಡ, ಗಂಜಿ ಸಾಕು.

ಮಳೆಗಾಲದ ಸಂಜೆ. ಹಳೆಯ ಹೆಂಚಿನ ಮನೆ. ಕರೆಂಟು ಹೋಗಿದೆ. ಅಡಿಗೆಮನೆಯಲ್ಲಿ ಗ್ಯಾಸ್ ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಕುದಿಯುತ್ತಿದೆ, ಮುಚ್ಚಳ ಟಕಟಕ ಕುಣಿಯುತ್ತಿದೆ. ಹತ್ತಿರ ಯಾರೂ ಇಲ್ಲ. ಮೇಜಿನ ಮೇಲೆ ಅರ್ಧ ಕುಡಿದ ಚಹಾ, ಕೆನೆ ಕಟ್ಟಿದೆ. ಜಗಲಿಯಲ್ಲಿ ನೀರು ಸೋರುವ ಕೊಡೆ ಒಂದು, ಒದ್ದೆ ಚಪ್ಪಲಿ ಎರಡು ಜೊತೆ. ಮತ್ತೆ ಒಲೆ. ಗಂಜಿ ಉಕ್ಕಿತು, ಬೆಂಕಿ ಆರಿತು, ಬುಸ್ ಎನ್ನುವ ಸದ್ದು ಮಾತ್ರ ಉಳಿಯಿತು. ಹೊರಗೆ ಗೇಟು ಕಿರ್ರೆಂದಿತು. “ಅಮ್ಮಾ, ಕತ್ತಲಲ್ಲಿ ಎಂತ ಮಾಡುದು?” ಎನ್ನುತ್ತ ಒಳಗೆ ಬಂದ ಮಗಳು ಬೆಂಕಿಪೆಟ್ಟಿಗೆಗೆ ಕೈಹಾಕುತ್ತಾಳೆ. ಕಡ್ಡಿ ಪೆಟ್ಟಿಗೆಗೆ ತಾಗುವಾಗ ಪರದೆ ಕಪ್ಪು. ಚಿತ್ರದ ಹೆಸರು.

ಇಷ್ಟರಲ್ಲಿ ಆಯುಧ ಇಲ್ಲ, ರಕ್ತ ಇಲ್ಲ, ಬೆನ್ನಟ್ಟುವವರು ಇಲ್ಲ. ಚಹಾದ ಕೆನೆ ನೋಡಿದ ಕೂಡಲೇ, ಕುಡಿಯುತ್ತಿದ್ದವರು ಎದ್ದುಹೋಗಿ ಸ್ವಲ್ಪ ಹೊತ್ತಾಯಿತು ಎಂಬ ಲೆಕ್ಕ ನೋಡುವವನ ತಲೆಯಲ್ಲೇ ಆಗುತ್ತದೆ. ಒಂದು ಕೊಡೆಗೆ ಎರಡು ಜೊತೆ ಚಪ್ಪಲಿ ಎಂದರೆ ಇನ್ನೊಬ್ಬರು ಬಂದಿದ್ದಾರೆ, ಹೋಗಿಲ್ಲ. ಇದನ್ನು ಯಾರ ಬಾಯಿಂದಲೂ ಹೇಳಿಸಬೇಡಿ. ಹೇಳಿಸಿದರೆ ಕೆಟ್ಟಿತು.

ಶಾಟ್, ಅಂದರೆ ನಡುವೆ ಕತ್ತರಿ ಬೀಳದ ಒಂದು ತುಂಡು ದೃಶ್ಯ. ಅವುಗಳ ಲೆಕ್ಕ ಹೀಗೆ ಇಟ್ಟುಕೊಳ್ಳಬಹುದು. ಮೊದಲ 40 ಸೆಕೆಂಡಿಗೆ 6 ಶಾಟ್, ನಿಧಾನ. ನಡುವಿನ 40ಕ್ಕೆ 10. ಕೊನೆಯ 40ಕ್ಕೆ 14, 15. ಒಟ್ಟು 30ರ ಆಸುಪಾಸು. ಆದರೆ ಬೆಂಕಿಕಡ್ಡಿಯ ಶಾಟ್ ಮಾತ್ರ ಉದ್ದ ಇರಲಿ, 5 ಸೆಕೆಂಡು. ಎಲ್ಲವೂ ಓಡುತ್ತಿರುವಾಗ ಒಂದು ನಿಂತರೆ ಉಸಿರು ಹಿಡಿಯುತ್ತದೆ.

ಈಗ ಗಂಜಿ. ತೆರೆದ ಪಾತ್ರೆಯಲ್ಲಿ ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆಯಾದರೂ ಬೇಕು, ಒಂದೇ ಶಾಟನ್ನು ಮತ್ತೆ ಮತ್ತೆ ತೆಗೆಯುವಾಗ ಪ್ರತಿ ಟೇಕಿಗೂ ಅಷ್ಟು ಕಾಯುವಂತಿಲ್ಲ. ಹಾಗಾಗಿ ಮೊದಲೇ ಬೇಯಿಸಿಟ್ಟ ಗಂಜಿಯ ತಿಳಿ 2 ಲೀಟರಿನಷ್ಟು, ಒಂದೆರಡು ಸೌಟು ಅನ್ನದ ಸಮೇತ, ಬಾಯಿ ಕಿರಿದಾದ ಪಾತ್ರೆಗೆ ಮುಕ್ಕಾಲು ಭಾಗ ಬರುವಂತೆ ಹಾಕಿ. ಸಣ್ಣ ಉರಿಯಲ್ಲಿ ಕುದಿಯ ಅಂಚಿಗೆ ತಂದು ಇಡಿ. ಕ್ಯಾಮರಾ ಓಡತೊಡಗಿದ ಮೇಲೆ ಉರಿ ದೊಡ್ಡದು ಮಾಡಿದರೆ ಸ್ವಲ್ಪ ಹೊತ್ತಿಗೇ ನೊರೆ ಮೇಲೆದ್ದು ಉಕ್ಕುತ್ತದೆ. ತಿಳಿಯಲ್ಲಿರುವ ಪಿಷ್ಟ ಗುಳ್ಳೆಗಳನ್ನು ಬೇಗ ಒಡೆಯಲು ಬಿಡುವುದಿಲ್ಲ, ಅದಕ್ಕೇ ಆ ನೊರೆ. ಟೇಕ್ ಸರಿಯಾಗದಿದ್ದರೆ ತಣ್ಣೀರು ಚಿಮುಕಿಸಿ, ಇಳಿಯುತ್ತದೆ. ನಾಲ್ಕೈದು ಸಲ ಹೀಗೆ ಮಾಡುವಾಗ ನೀರು ಹೆಚ್ಚಾಗಿ ತಿಳಿ ತೆಳುವಾಗುತ್ತದೆ, ಆಮೇಲೆ ಉಕ್ಕುವುದಿಲ್ಲ. ಆಗ ಒಂದು ಮುಷ್ಟಿ ಅನ್ನ ಚೆನ್ನಾಗಿ ಕಿವುಚಿ ಹಾಕಿ. ಮೊಬೈಲನ್ನು ಪಾತ್ರೆಯ ಮೇಲೆ ಹಿಡಿದರೆ ಹಬೆಗೆ ಲೆನ್ಸು ಮಸುಕಾಗುತ್ತದೆ. ಒಂದೂವರೆ ಅಡಿ ಪಕ್ಕಕ್ಕೆ ಇಟ್ಟು, 2 ಪಟ್ಟು ಜೂಮ್ ಲೆನ್ಸಿನಲ್ಲಿ ತೆಗೆಯಿರಿ. ಪ್ರತಿ ಟೇಕಿಗೂ ಮೊದಲು ಒಲೆಯ ಸುತ್ತ ಒರೆಸಲೇಬೇಕು. ಉಕ್ಕುವ ಮೊದಲೇ ಒಲೆಯ ಮೇಲೆ ಗಂಜಿಯ ಕಲೆ ಕಂಡರೆ ಆಟ ಮುಗಿಯಿತು.

ಬೆಂಕಿ ಆರುವುದನ್ನು ನಿಜವಾಗಿ ಉಕ್ಕಿಸಿ ತೆಗೆಯಲು ಹೋಗಬೇಡಿ, ಗ್ಯಾಸು ಸೋರುತ್ತದೆ. ಉಕ್ಕುವುದು ಒಂದು ಶಾಟ್, ಆರುವುದು ಇನ್ನೊಂದು. ಎರಡನೆಯದರಲ್ಲಿ ಬರ್ನರ್ ಮಾತ್ರ ಚೌಕಟ್ಟಿನಲ್ಲಿರಲಿ, ನಾಬ್ ಹೊರಗಿರಲಿ. ಒಬ್ಬರು ಚಮಚದಲ್ಲಿ ತಿಳಿ ಸುರಿಯುತ್ತಾರೆ, ಅದೇ ಹೊತ್ತಿಗೆ ಇನ್ನೊಬ್ಬರು ನಾಬ್ ತಿರುಗಿಸಿ ನಂದಿಸುತ್ತಾರೆ. ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಬೆಂಕಿಕಡ್ಡಿಯ ಶಾಟನ್ನು ಬೇರೆ ದಿನ, ಇಲ್ಲವೇ ಸಿಲಿಂಡರನ್ನು ಹೊರಗಿಟ್ಟ ಮೇಲೆ ತೆಗೆಯಿರಿ. ಅಡಿಗೆ ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಆದ್ದರಿಂದ ಬೆಂಕಿ ಆರಿದ ಮೇಲೆ ಕ್ಯಾಮರಾವನ್ನು ನೆಲಕ್ಕೆ ಇಳಿಸಿ, ಬಾಗಿಲ ಸಂದಿನ ಕಡೆಗೆ ಮೆಲ್ಲನೆ ಸರಿಸಿದರೆ ಅದಕ್ಕೆ ಅರ್ಥ ಬರುತ್ತದೆ. ಸುಮ್ಮನೆ ಚೆಂದಕ್ಕೆ ಇಟ್ಟ ಕೋನ ಆಗುವುದಿಲ್ಲ.

ಬೆಳಕಿಗೆ ದುಡ್ಡು ಖರ್ಚು ಮಾಡಬೇಕಾಗಿಲ್ಲ. ಕರಾವಳಿಯ ಹಳೆಯ ಮನೆಗಳ ಮಾಡಿನಲ್ಲಿ ಒಂದೆರಡು ಗಾಜಿನ ಹೆಂಚು ಇರುತ್ತವೆ. ಹಗಲಿನ ದೃಶ್ಯವಾದರೆ, ಬಿಸಿಲಿರುವಾಗ ಸ್ವಲ್ಪ ಸಾಂಬ್ರಾಣಿ ಹೊಗೆ ಹಾಕಿದರೆ ಆ ಬೆಳಕು ಕೋಲಿನ ಹಾಗೆ ಇಳಿಯುತ್ತದೆ. ಒಂದೇ ತೊಂದರೆ, ಅದು ನಿಲ್ಲುವುದಿಲ್ಲ. ಮಾಡು 13 ಅಡಿ ಎತ್ತರದಲ್ಲಿದ್ದರೆ ನೆಲದ ಮೇಲಿನ ಬಿಸಿಲ ಚೌಕ 10 ನಿಮಿಷಕ್ಕೆ ಸುಮಾರು ಅರ್ಧ ಅಡಿ ಸರಿಯುತ್ತದೆ. ಮಾತಿನ ಮೊದಲ ಸಾಲಿಗೆ ಕುರ್ಚಿಯ ಕಾಲಿನ ಹತ್ತಿರ ಇದ್ದದ್ದು ಕೊನೆಯ ಸಾಲಿಗೆ ಗೋಡೆ ಹತ್ತಿರ. ಬೆಳಕು ಕಾಣುವ ಶಾಟ್‌ಗಳನ್ನೆಲ್ಲ ಮೊದಲು ಒಟ್ಟಿಗೆ ಮುಗಿಸಿ, ಹತ್ತಿರದ ಮುಖಗಳನ್ನು ಆಮೇಲೆ ತೆಗೆಯಿರಿ.

ರಾತ್ರಿಯನ್ನು ರಾತ್ರಿ ತೆಗೆದರೆ ಮೊಬೈಲಿನಲ್ಲಿ ಬರೀ ಕಾಳು ಕಾಳು ಬರುತ್ತದೆ. ಸೂರ್ಯ ಮುಳುಗಿದ ಮೇಲಿನ 20 ನಿಮಿಷ ನೀಲಿ ಬೆಳಕು ಇರುತ್ತದಲ್ಲ, ಅದರಲ್ಲಿ ತೆಗೆಯಿರಿ. ನಮ್ಮಲ್ಲಿ ಡಿಸೆಂಬರಿನಲ್ಲಿ 6 ಗಂಟೆ ದಾಟಿದ ಮೇಲೆ, ಜೂನಿನಲ್ಲಿ 7ರ ಹೊತ್ತಿಗೆ. ಅಷ್ಟರಲ್ಲಿ 4 ಶಾಟ್ ಸಿಕ್ಕಿದರೆ ಪುಣ್ಯ. ಹಾಗಾಗಿ 5 ಗಂಟೆಗೇ ಅಭ್ಯಾಸ ಮುಗಿದಿರಬೇಕು. ಮಳೆ ಎದುರಿನ ಬೆಳಕಿಗೆ ಕಾಣುವುದೇ ಇಲ್ಲ, ಎಷ್ಟೇ ಜೋರಿದ್ದರೂ. ಬೆಳಕು ಮಳೆಯ ಹಿಂದಿರಬೇಕು, ಹಿನ್ನೆಲೆ ಕಪ್ಪಿರಬೇಕು. ಅಡಿಕೆ ತೋಟದ ಕತ್ತಲೆಯೆದುರು, ಬೈಕಿನ ಹೆಡ್‌ಲೈಟನ್ನು ಕ್ಯಾಮರಾಕ್ಕೆ ನೇರ ಬೀಳದಂತೆ ಓರೆಯಾಗಿ ಹಿಂದಿನಿಂದ ಬಿಟ್ಟರೆ ಹನಿ ಹನಿಯೂ ಕಾಣುತ್ತದೆ. ಎಸಿ ಕೋಣೆಯಿಂದ ಕ್ಯಾಮರಾ ಹೊರಗೆ ತಂದಕೂಡಲೇ ಲೆನ್ಸಿಗೆ ಮಂಜು ಕೂರುತ್ತದೆ. ಬ್ಯಾಗಿನಲ್ಲೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆಗೆಯಿರಿ.

ಮೊಬೈಲಿನ ಸೆಟ್ಟಿಂಗಿನಲ್ಲಿ ಹೆಚ್ಚಿನವರು ಎಡವುವುದು ಟ್ಯೂಬ್‌ಲೈಟಿನ ವಿಷಯದಲ್ಲಿ. ನಮ್ಮ ಕರೆಂಟು 50 ಹರ್ಟ್ಸ್. ಹಳೆಯ ಟ್ಯೂಬುಗಳು, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿಣುಗುತ್ತವೆ. ಕಣ್ಣಿಗೆ ಕಾಣದು, ಕ್ಯಾಮರಾಕ್ಕೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಸೆಕೆಂಡಿಗೆ 25 ಫ್ರೇಮು, ಶಟರ್ ಸೆಕೆಂಡಿನ 50ರಲ್ಲಿ 1 ಭಾಗ ತೆರೆದಿರುವಂತೆ ಇಟ್ಟರೆ ಪಟ್ಟೆ ಹೋಗುತ್ತದೆ. ಮೊಬೈಲು ತಾನಾಗಿ 30 ಫ್ರೇಮು ಇಟ್ಟುಕೊಂಡಿರುತ್ತದೆ, ಅದನ್ನು ಬದಲಿಸಬಲ್ಲ ಕ್ಯಾಮರಾ ಆ್ಯಪ್ ಹಾಕಿಕೊಳ್ಳಿ. ಫೋಕಸ್, ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಮಗಳು ಬಾಗಿಲು ತೆರೆದಾಗ ಅಡಿಗೆಮನೆ ಒಮ್ಮೆ ಬೆಳ್ಳಗಾಗಿ ಒಮ್ಮೆ ಕಪ್ಪಾಗುತ್ತದೆ. ಇನ್ನೊಂದು: ಮೊಬೈಲಿನ ಫ್ರೇಮಿನ ವೇಗ ಒಂದೇ ಸಮ ಇರುವುದಿಲ್ಲ. ಎಡಿಟಿಂಗಿನಲ್ಲಿ ಮಾತು ತುಟಿಯಿಂದ ಮೆಲ್ಲಮೆಲ್ಲನೆ ಜಾರುವುದು ಇದರಿಂದ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಸ್ಥಿರ ಫ್ರೇಮ್ ವೇಗಕ್ಕೆ ಬದಲಿಸಿ, ಆಮೇಲೆ ಎಡಿಟಿಂಗಿಗೆ ತನ್ನಿ.

ಸದ್ದಿನ ಬಗ್ಗೆ ಬಾನುಲಿಯಲ್ಲಿ ಸ್ವಲ್ಪ ಹೆಚ್ಚು ಹೇಳಿದರೆ ಕೇಳುಗರು ಬೇಸರ ಪಡಲಿಕ್ಕಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು, ಆ ಹೆಂಚು ಊರೂರಿಗೆ ಹೋಯಿತು. ಹೆಂಚಿನ ಮಾಡಿನ ಕೆಳಗೆ ಮಳೆಯ ಸದ್ದು ತುಂಬಿಕೊಂಡಿರುತ್ತದೆ, ಆದರೆ ಮೆದು. ತಗಡಿನ ಶೀಟಿನ ಕೆಳಗೆ ಕಿವಿಗೆ ಹೊಡೆಯುತ್ತದೆ, ಅಲ್ಲಿ ಮಾತು ರೆಕಾರ್ಡ್ ಆಗುವುದಿಲ್ಲ. ತಾರಸಿ ಮನೆಯಲ್ಲಿ ಮಳೆ ಕೇಳುವುದೇ ಕಿಟಕಿಯಿಂದ. ಚಿತ್ರದಲ್ಲಿ ಹೆಂಚಿನ ಮನೆ ತೋರಿಸಿ, ನೆಟ್ಟಿನಿಂದ ಇಳಿಸಿದ ಮಳೆ ಹಾಕಿದರೆ ಊರಿನವರಿಗೆ ಕೂಡಲೇ ಗೊತ್ತಾಗುತ್ತದೆ.

ಶೂಟಿಂಗ್ ಮುಗಿಸಿ ಹೊರಡುವ ಮೊದಲು ಎಲ್ಲರನ್ನೂ ಸುಮ್ಮನಿರಿಸಿ, ಆ ಕೋಣೆಯ ಮೌನವನ್ನು 1 ನಿಮಿಷ ರೆಕಾರ್ಡ್ ಮಾಡಿ. ಮೌನ ಅಂದರೂ ಅದರಲ್ಲಿ ಜೀರುಂಡೆ, ತೋಡಿನ ನೀರು, ದೂರದ ಬಸ್ಸಿನ ಹಾರ್ನು ಎಲ್ಲ ಇರುತ್ತದೆ. ಶಾಟ್ ಶಾಟಿನ ನಡುವೆ ಸದ್ದು ಜಿಗಿಯುವುದನ್ನು ಮುಚ್ಚುವುದು ಇದೇ. ಮಲ್ಪೆ, ತಣ್ಣೀರುಬಾವಿಯಂಥ ಕಡೆ ಸಮುದ್ರದ ಮೊರೆತ ಏರುತ್ತ ಇಳಿಯುತ್ತ ಇರುವುದರಿಂದ 2 ನಿಮಿಷ ಬೇಕು. ಗ್ಯಾಸಿನ ಬುಸ್ ಸದ್ದಿಗೆ ಸೈಕಲ್ ಟ್ಯೂಬಿನ ವಾಲ್ವು ಸಾಕು. ಮೈಕಿನಿಂದ 1 ಅಡಿ ದೂರ, ಗಾಳಿ ಮೈಕಿಗೆ ನೇರ ಬಡಿಯದಂತೆ ಓರೆಯಾಗಿ ಹಿಡಿದು ಬಿಡಿ. ತೋಟದಲ್ಲಿ ಯಾರೋ ನಡೆದ ಸದ್ದಿಗೆ ಒಣಗಿದ ಅಡಿಕೆ ಹಾಳೆಯನ್ನು ಕೈಯಲ್ಲಿ ಮೆಲ್ಲನೆ ಮಡಿಸಿ. ಎಲುಬು ಮುರಿದದ್ದಕ್ಕೆ ಎಳೆ ಮುಳ್ಳುಸೌತೆ. ಎದೆಬಡಿತಕ್ಕೆ ತೀರಾ ತಗ್ಗಿನ ಸದ್ದು ಹಾಕುತ್ತಾರೆ, 50 ಹರ್ಟ್ಸಿನದು. ಅದು ಹೆಡ್‌ಫೋನಿನಲ್ಲಿ ಎದೆ ನಡುಗಿಸುತ್ತದೆ, ಮೊಬೈಲ್ ಸ್ಪೀಕರಿನಲ್ಲಿ ಮಾತ್ರ ಇಲ್ಲವೇ ಇಲ್ಲ. 150ರಿಂದ 200 ಹರ್ಟ್ಸಿನ ಒಂದು ಪದರ ಅದರ ಮೇಲೆ ಸೇರಿಸಿ. ರೆಕಾರ್ಡಿಂಗಿನಲ್ಲಿ ಮಾತಿನ ಅತಿ ಜೋರಿನ ಜಾಗ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ಒಳಗಿರಲಿ, ಅದಕ್ಕಿಂತ ಮೇಲೆ ಹೋದರೆ ಕಿರುಚು ಒಡೆಯುತ್ತದೆ.

ಥ್ರಿಲ್ಲರ್ ಅಂದಕೂಡಲೇ ಚೆಂಡೆ ಬಾರಿಸುವುದು, ದೈವದ ಕೂಗು ಹಾಕುವುದು ಈಗ ಸುಲಭದ ದಾರಿಯಾಗಿಬಿಟ್ಟಿದೆ. ಜನ ಕೈಮುಗಿದು ನಿಲ್ಲುವುದನ್ನು 3 ಸೆಕೆಂಡಿನ ಬೆಚ್ಚಿಬೀಳಿಸುವಿಕೆಗೆ ಎಳೆದು ತರುವುದು ಸರಿ ಕಾಣುವುದಿಲ್ಲ. ಕಸುಬಿನ ಲೆಕ್ಕದಲ್ಲೂ ಅದು ನಷ್ಟ: ಆ ಸದ್ದು ಕೇಳಿದವನಿಗೆ ನಿಮ್ಮ ಕಥೆ ಮರೆತು ಬೇರೆ ಏನೇನೋ ನೆನಪಾಗುತ್ತದೆ.

ಕನ್ನಡದ ಟೈಟಲ್ ಕಾರ್ಡು ಹಾಕುವಾಗ ಒಂದು ಪೀಕಲಾಟ ಇದೆ. ಕೆಲವು ಎಡಿಟಿಂಗ್ ಸಾಫ್ಟ್‌ವೇರುಗಳಲ್ಲಿ ‘ರಕ್ತ’ ಎಂದು ಬರೆದರೆ ಒತ್ತಕ್ಷರ ಕಳಚಿ ‘ರಕ್‌ತ’ ಎಂದು ಕೂರುತ್ತದೆ. ಪ್ರೀಮಿಯರ್ ಪ್ರೊ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಾದರೆ ಪ್ರಿಫರೆನ್ಸಸ್ ಒಳಗೆ ಗ್ರಾಫಿಕ್ಸ್ ಭಾಗದಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಟೆಕ್ಸ್ಟ್ ಎಂಜಿನ್ ಆರಿಸಿಕೊಳ್ಳಬೇಕು. ಅಂಥ ಅನುಕೂಲ ಇಲ್ಲದ ಸಾಫ್ಟ್‌ವೇರಾದರೆ ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಎಂಬ ಸಾಫ್ಟ್‌ವೇರಿನಲ್ಲಿ ಬರೆದು, ಹಿನ್ನೆಲೆ ಪಾರದರ್ಶಕವಾದ ಪಿಎನ್‌ಜಿ ಚಿತ್ರವಾಗಿ ತನ್ನಿ. ಇಂಗ್ಲಿಷ್ ಥ್ರಿಲ್ಲರುಗಳಂತೆ ಅಕ್ಷರಗಳನ್ನು ದೂರ ದೂರ ಹರಡಲು ಹೋಗಬೇಡಿ, ಕನ್ನಡದಲ್ಲಿ ದೀರ್ಘ, ಒತ್ತು ಎಲ್ಲ ಮನೆಬಿಟ್ಟು ಹೋದವರ ಹಾಗೆ ಕಾಣುತ್ತವೆ. ಒಂದು ಕಾರ್ಡನ್ನು ಜೋರಾಗಿ ಎರಡು ಸಲ ಓದಲು ಹಿಡಿಯುವಷ್ಟು ಹೊತ್ತು ಪರದೆಯಲ್ಲಿಡಿ, ಸಾಮಾನ್ಯವಾಗಿ 3 ಸೆಕೆಂಡು. 7, 8 ಕಾರ್ಡು ಸಾಕು, ನಿರ್ದೇಶಕರದ್ದು ಕೊನೆಗೆ. ಉಕ್ಕುವ ಗಂಜಿಯ ಮೇಲೆ ಯಾವ ಹೆಸರೂ ಬೇಡ.

ಅನುಮತಿಯ ಮಾತು ಚುಟುಕಾಗಿ. ರೈಲು ಹಳಿಯ ಮೇಲೆ ಶೂಟಿಂಗ್ ಬೇಡವೇ ಬೇಡ. ರೈಲ್ವೆ ಕಾಯಿದೆಯ 147ನೇ ಸೆಕ್ಷನ್ನಿನಡಿ 6 ತಿಂಗಳವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆಟಿಕೆ ಪಿಸ್ತೂಲು ಹಿಡಿದು ಬಂದರಿನಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಓಡಿದರೆ ಯಾರಾದರೂ ಪೊಲೀಸರಿಗೆ ಫೋನು ಮಾಡಿಯೇ ಮಾಡುತ್ತಾರೆ. ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಪತ್ರ ಬರೆಸಿ ಠಾಣೆಗೆ ಮೊದಲೇ ಕೊಟ್ಟಿರಿ.

ಎಡಿಟಿಂಗಿನಲ್ಲಿ ಚಿತ್ರಕ್ಕಿಂತ ಸದ್ದು ಮುಂದೆ ಹೋಗಲಿ. ಗೇಟಿನ ಕಿರ್ ಸದ್ದು ಒಲೆಯ ಶಾಟಿನ ಮೇಲೆಯೇ ಕೇಳಬೇಕು, ಗೇಟು ಕಾಣುವುದು ಒಂದೂವರೆ ಸೆಕೆಂಡು ಆದಮೇಲೆ. ಕೊನೆಗೆ ತರಗತಿಯ ಪ್ರೊಜೆಕ್ಟರಿನಲ್ಲಿ ಹಿಂದಿನ ದಿನವೇ ಒಮ್ಮೆ ಹಾಕಿ ನೋಡಿ. ಲ್ಯಾಪ್‌ಟಾಪಿನಲ್ಲಿ ಚೆಂದ ಕಂಡ ಕತ್ತಲೆ ಅಲ್ಲಿ ಮಸಿಯಾಗಿರುತ್ತದೆ, ಚಪ್ಪಲಿ ಎರಡು ಜೊತೆ ಎಂದು ಎಣಿಸಲಿಕ್ಕೇ ಆಗುವುದಿಲ್ಲ. ಎಡಿಟಿಂಗಿನಲ್ಲಿ ನೆರಳಿನ ಭಾಗವನ್ನು ಸ್ವಲ್ಪ ಬೆಳಗಿಸಿ ಮತ್ತೆ ಹೊಸ ಫೈಲು ಮಾಡಿಕೊಳ್ಳಿ. ತೋರಿಸುವ ದಿನ ಪ್ಲೇ ಒತ್ತುವ ಮೊದಲು ತರಗತಿಯ ಫ್ಯಾನುಗಳನ್ನು ನಿಲ್ಲಿಸಲು ಹೇಳಿ. ಅವು ತಿರುಗುತ್ತಿದ್ದರೆ ಆ ಬುಸ್ ಸದ್ದು ಯಾರಿಗೂ ಕೇಳಿಸುವುದಿಲ್ಲ.