ನಿಮ್ಮ ಹೂಳು ನಮ್ಮ ಅಂಗಳಕ್ಕೆ

(ಮಳೆಗಾಲಕ್ಕೆ ಮೊದಲು ಕಾರವಾರದ ಕೆಲವು ಬಡಾವಣೆ ಸಂಘಗಳು ಸೇರಿ ಕರೆದ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ನಾನು ಮಾಸ್ತರಿಕೆ ಮಾಡಿ ನಿವೃತ್ತನಾದವನು. ಮೈಕು ಸಿಕ್ಕರೆ ಬಿಡುವುದಿಲ್ಲ ಅಂತ ನಮ್ಮ ಓಣಿಯವರ ದೂರು ಇದೆ. ಆದ್ದರಿಂದ ಇವತ್ತು ಒಂದೇ ವಿಷಯ ಹೇಳುತ್ತೇನೆ. ಗಟಾರದ ವಿಷಯ.

ನಮ್ಮ ಓಣಿಯ ಸಂಘ ಹುಟ್ಟಿದ್ದು ಗಣಪತಿ ಕೂರಿಸಲಿಕ್ಕೆ. ಹಾಲ್‌ನಲ್ಲಿ ಕೂತಿರುವ ನಿಮ್ಮಲ್ಲಿ ಅರ್ಧ ಸಂಘಗಳ ಕತೆಯೂ ಅದೇ ಇರಬಹುದು, ಅಲ್ವಾ? ವಂತಿಗೆ ಉಳಿಯಿತು. ಉಳಿದ ದುಡ್ಡಿನಲ್ಲಿ ಏನು ಮಾಡೋಣ ಅಂತ ಕೂತೆವು. ಎದುರಿಗೇ ಗಟಾರ ನಾರುತ್ತಿತ್ತು. ಸರಿ, ಅದನ್ನೇ ತೆಗೆಸೋಣ ಅಂತಾಯಿತು.

ಮೇ ತಿಂಗಳ ಕೊನೆ. ನಾಲ್ಕು ಆಳು ಹಚ್ಚಿ, ನಾವೂ ಬುಟ್ಟಿ ಹಿಡಿದು, ನಮ್ಮ ಓಣಿಯ ತುದಿಯಿಂದ ತುದಿಗೆ ಹೂಳು ತೆಗೆದೆವು. ಕಪ್ಪು ಕೆಸರು, ಎಳನೀರು ಚಿಪ್ಪು, ಹಾಲಿನ ಪ್ಯಾಕೆಟ್ಟು, ಒಂದು ಮಕ್ಕಳ ಸೈಕಲ್ಲಿನ ಚಕ್ರ. ಎಲ್ಲವನ್ನೂ ಗಟಾರದ ದಡದ ಮೇಲೆ ಚೆಂದಾಗಿ ಗುಡ್ಡೆ ಹಾಕಿದೆವು. ಒಣಗಿದ ಮೇಲೆ ಟ್ರ್ಯಾಕ್ಟರಿನವನು ಬಂದು ಒಯ್ಯಬೇಕಿತ್ತು. ಅವನಿಗಿಂತ ಮೊದಲು ಮಳೆ ಬಂತು. ಒಂದೇ ರಾತ್ರಿ. ಬೆಳಿಗ್ಗೆ ನೋಡಿದರೆ ಗುಡ್ಡೆ ಇಲ್ಲ. ಗಟಾರ ಕನ್ನಡಿಯ ಹಾಗೆ ಸ್ವಚ್ಛ. ನಮಗೆ ಖುಷಿಯೋ ಖುಷಿ.

ಹೂಳು ಎಲ್ಲಿ ಹೋಯಿತು ಅಂತ ಕೆಳಗಿನ ಬಡಾವಣೆಯವರು ಬಂದು ಹೇಳಿದರು. ಅವರ ಅಂಗಳಕ್ಕೆ ಹೋಗಿತ್ತು.

ಅವರು ಸುಮ್ಮನೆ ಕೂರಲಿಲ್ಲ. ತಮ್ಮ ಗಡಿಯಲ್ಲಿ ಗಟಾರಕ್ಕೆ ಅಡ್ಡಲಾಗಿ ಕಬ್ಬಿಣದ ಜಾಳಿಗೆ ಹಾಕಿಸಿದರು. ನಮ್ಮ ಕಸ ಅಲ್ಲಿಯೇ ನಿಲ್ಲಲಿ ಅಂತ. ಕಸ ನಿಂತಿತು. ಅದರ ಹಿಂದೆ ನೀರೂ ನಿಂತಿತು. ಜುಲೈಯಲ್ಲಿ ನಮ್ಮ ಮೂರು ಮನೆಗಳ ಹೊಸ್ತಿಲು ದಾಟಿ ನೀರು ಒಳಗೆ ಬಂತು. ನಾವು ಅವರ ಮೇಲೆ ಒಂದು ಅರ್ಜಿ ಕೊಟ್ಟೆವು. ಅವರು ನಮ್ಮ ಮೇಲೆ ಒಂದು ಕೊಟ್ಟರು. ಎರಡೂ ಹೋಗಿದ್ದು ಒಂದೇ ಟೇಬಲ್ಲಿಗೆ. ಆ ಸಾಹೇಬರು ಎರಡನ್ನೂ ಒಂದೇ ಫೈಲಿಗೆ ಹಾಕಿ, "ನಿಮ್ಮ ನಿಮ್ಮಲ್ಲಿ ಬಗೆಹರಿಸಿಕೊಂಡು ಬನ್ನಿ" ಅಂದರು. ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಅವರಿಗೆ ಅಷ್ಟು ಸುಲಭದ ದಾರಿ ಮಾಡಿಕೊಟ್ಟವರು ನಾವೇ.

ಕಾರವಾರದ ನೆಲ ಹೇಗಿದೆ ನೋಡಿ. ಬೆನ್ನಿಗೆ ಗುಡ್ಡ, ಎದುರಿಗೆ ಸಮುದ್ರ, ನಡುವೆ ಒಂದು ಪಟ್ಟಿ ನೆಲ. ಅದರಲ್ಲಿ ನಾವು. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗುಡ್ಡದಿಂದ ಇಳಿದ ನೀರು ಸಮುದ್ರ ಸೇರುವ ಮುಂಚೆ ಎಷ್ಟು ಓಣಿ ದಾಟಬೇಕು? ನಗರಸಭೆಗೆ 31 ವಾರ್ಡು. ನೀರಿಗೆ ಇಳಿಜಾರು ಒಂದೇ ಗೊತ್ತು.

ಇನ್ನೊಂದು ವಿಷಯ ನನಗೆ ಅರವತ್ತು ದಾಟಿದ ಮೇಲೆ ತಿಳಿಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ. ಜಗಳವಾದ ಮರುವರ್ಷ ಎರಡೂ ಸಂಘದವರು ಸೇರಿ ನಾಲಾದ ಕೆಳತುದಿ ಸ್ವಚ್ಛ ಮಾಡೋಣ ಅಂತ ಹೊರಟೆವು. ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಹೋದರೆ ಸೊಂಟದವರೆಗೆ ನೀರು. ಗುದ್ದಲಿ ಊರಿದರೆ ತಳ ಸಿಗುವುದಿಲ್ಲ. ದಡದಲ್ಲಿ ಬಲೆ ಹೊಲಿಯುತ್ತಿದ್ದ ಒಬ್ಬ ತಾಂಡೇಲರು, ಅಂದರೆ ಮೀನು ದೋಣಿಯ ಮುಖ್ಯಸ್ಥರು, ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಮಾಸ್ತರ್ರೇ, ನೀವು ಗಟಾರ ತೆಗೀತಿದ್ದೀರೋ, ಸಮುದ್ರ ತೆಗೀತಿದ್ದೀರೋ?"

ಭರತದ ಹೊತ್ತು ಅದು. ದಿನಕ್ಕೆ ಎರಡು ಸಲ ಸಮುದ್ರ ಏರುತ್ತದೆ, ಎರಡು ಸಲ ಇಳಿಯುತ್ತದೆ. ಆ ಹೊತ್ತು ಪ್ರತಿದಿನ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುಮಾರಿಗೆ ಭರತ ದೊಡ್ಡದು. ದೊಡ್ಡ ಭರತ, ಜೋರು ಮಳೆ ಎರಡೂ ಒಂದೇ ಹೊತ್ತಿಗೆ ಬಂದರೆ ನಾಲಾದ ಬಾಯಿಗೆ ಸಮುದ್ರವೇ ಬಾಗಿಲು ಹಾಕಿದಂತೆ. ಮೇಲಿನ ನೀರು ಎಲ್ಲಿಗೆ ಹೋಗಬೇಕು? ಇದು ಮೀನುಗಾರರ ಕೇರಿಯ ಮಕ್ಕಳಿಗೂ ಗೊತ್ತು. ನಮ್ಮ ಎರಡು ಸಂಘಗಳ ಕಾರ್ಯಕಾರಿ ಸಮಿತಿಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಯಾಕೆಂದರೆ ಆ ಕೇರಿಗೆ ನೋಂದಣಿಯಾದ ಸಂಘ ಇರಲಿಲ್ಲ, ನಾವು ಅವರನ್ನು ಕರೆದಿರಲಿಲ್ಲ.

ಮುಂದಿನ ಸಲ ಇಳಿತದ ಹೊತ್ತಿಗೆ ಅವರ ಜೊತೆಯೇ ಹೋದೆವು. ಕೆಳಗಿನಿಂದ ಮೇಲಕ್ಕೆ ನಡೆದೆವು. ಕೈಯಲ್ಲಿ ಟೇಪು, ಒಂದು ನೋಟುಪುಸ್ತಕ. ರಸ್ತೆಯಡಿಯ ಒಂದು ಮೋರಿಯಲ್ಲಿ ಬಗ್ಗಿ ಬ್ಯಾಟರಿ ಬಿಟ್ಟರೆ ಅಡ್ಡಲಾಗಿ ಒಂದು ನೀರಿನ ಪೈಪು, ಅದರ ಪಕ್ಕ ಕೇಬಲ್ಲುಗಳ ಕಟ್ಟು. ಅದಕ್ಕೆ ಸಿಕ್ಕಿಕೊಂಡ ತೆಂಗಿನ ಸಿಪ್ಪೆ, ಪ್ಲಾಸ್ಟಿಕ್ಕು, ಹರಿದ ಬಲೆ. ಮೋರಿಯ ಅರ್ಧಕ್ಕಿಂತ ಜಾಸ್ತಿ ಬಾಯಿ ಮುಚ್ಚಿತ್ತು. ಎರಡು ವರ್ಷ ನಾವು ಒಬ್ಬರನ್ನೊಬ್ಬರು ಬೈದುಕೊಂಡಿದ್ದು ಆ ಪೈಪಿನ ದೆಸೆಯಿಂದ.

ಮೂರೂ ಕಡೆಯವರು ಒಂದೇ ಅರ್ಜಿ ಬರೆದೆವು. ಮೋರಿಯ ಅಳತೆ, ಪೈಪಿನ ಎತ್ತರ, ಫೋಟೊ. ಬೈಗುಳ ಒಂದೂ ಇಲ್ಲ. ಉತ್ತರ ಬರಲಿಲ್ಲ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಏನಾಯಿತು ಅಂತ ಕೇಳಿದೆವು. 30 ದಿನದೊಳಗೆ ಹೇಳಲೇಬೇಕು ಅಂತ ಕಾನೂನು. ಆಮೇಲೆ ಜಾಗ ನೋಡಲು ಇಂಜಿನಿಯರು ಬಂದರು. ಪೈಪು ಮೇಲಕ್ಕೆತ್ತಿದ್ದು ಮತ್ತೊಂದು ಮಳೆಗಾಲ ಕಳೆದ ಮೇಲೆ. ಕೇಬಲ್ಲು ಇವತ್ತಿಗೂ ಅಲ್ಲಿಯೇ ಇದೆ. ಸುಳ್ಳು ಹೇಳುವುದಿಲ್ಲ.

"ಟ್ಯಾಕ್ಸ್ ಕಟ್ಟುತ್ತೇವಲ್ಲ, ನಾವು ಯಾಕೆ ಕೆಸರಿಗೆ ಇಳಿಯಬೇಕು?" ಅಂತ ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಸರಿಯಾದ ಪ್ರಶ್ನೆ. ಹೂಳೆತ್ತುವುದು ನಗರಸಭೆಯ ಕೆಲಸ, ಪ್ರತಿವರ್ಷ ನಾವೇ ಎತ್ತುತ್ತಾ ಹೋದರೆ ಅವರು ಮರೆತೇ ಬಿಡುತ್ತಾರೆ. ನಾನು ಹೇಳುವುದು ನಡೆದು ನೋಡುವ ಕೆಲಸ. ಯಾವ ಮೋರಿ ಎಲ್ಲಿ ಕಟ್ಟುತ್ತದೆ ಅಂತ ವರ್ಗವಾಗಿ ಬಂದ ಸಾಹೇಬರಿಗೆ ಗೊತ್ತಿರುವುದಿಲ್ಲ. ಅವರಿಗೆ ಗೊತ್ತಾಗುವ ಹೊತ್ತಿಗೆ ಮತ್ತೆ ವರ್ಗ.

ಕಾನೂನಿನ ಕತೆ ಬೇಗ ಮುಗಿಸುತ್ತೇನೆ. 1992ರ ಸಂವಿಧಾನದ 74ನೇ ತಿದ್ದುಪಡಿಯಲ್ಲಿ ವಾರ್ಡ್ ಸಮಿತಿ ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಜಾಸ್ತಿ ಜನ ಇರುವ ಊರಿಗೆ. 2011ರ ಜನಗಣತಿಯಲ್ಲಿ ಕಾರವಾರ ಒಂದು ಲಕ್ಷವನ್ನೂ ಮುಟ್ಟಿರಲಿಲ್ಲ. ಹಾಗಾಗಿ ಆ ಸಮಿತಿಯ ಕುರ್ಚಿ ತಾನಾಗಿ ನಮಗೆ ಬರುವುದಿಲ್ಲ. ಸಂಘ ನೋಂದಾಯಿಸಲು 1960ರ ಕಾಯ್ದೆಯಲ್ಲಿ ಏಳು ಜನ ಸಾಕು. ಆದರೆ ಒಕ್ಕೂಟ ಅಂತ ದೊಡ್ಡ ಬೋರ್ಡು ಹಾಕಲು ಈಗಲೇ ಹೊರಡಬೇಡಿ. ಬೋರ್ಡು ಬಂದ ಮರುದಿನವೇ ಅಧ್ಯಕ್ಷರು ಯಾರು ಅಂತ ಶುರುವಾಗುತ್ತದೆ. ಗಣಪತಿ ಸಮಿತಿಯಲ್ಲೇ ನೋಡಿದ್ದೇವಲ್ಲ.

ಊರೂರು ಸೇರಿ ನೀರು ನೋಡಿಕೊಳ್ಳುವುದು ನಮ್ಮ ಜಿಲ್ಲೆಗೆ ಹೊಸದೇನೂ ಅಲ್ಲ. ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆಯ ಅಳಿವೆ ಕಡೆ, ಮಾಣಿಕಟ್ಟಾದ ಗಜನಿ ಇದೆ. ಉಪ್ಪುನೀರು ನುಗ್ಗುವ ಗದ್ದೆ. ಅಲ್ಲಿ ಬೆಳೆಯುವುದು ಕಗ್ಗ, ಉಪ್ಪು ತಡೆದುಕೊಳ್ಳುವ ಭತ್ತ. ಗದ್ದೆ ಒಬ್ಬೊಬ್ಬರದು, ಕಟ್ಟೆ ಎಲ್ಲರದು. ಮಣ್ಣಿನ ಕಟ್ಟೆ ಒಂದು ಕಡೆ ಒಡೆದರೂ ಸಾಕು, ಒಳಗಿನ ಎಲ್ಲರ ಗದ್ದೆಗೂ ಉಪ್ಪು. ಅದಕ್ಕೇ ಊರೂರಿನವರು ಸೇರಿ ಕಟ್ಟೆ ನೋಡಿಕೊಳ್ಳುತ್ತಿದ್ದರು. ನೀರಿನ ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಅನ್ನುವುದು ಎಲ್ಲರೂ ಒಪ್ಪಿದ ಲೆಕ್ಕ. ಆಮೇಲೆ ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಸರಕಾರದ ಗಟ್ಟಿ ಕಟ್ಟೆ ಬಂತು. ಒಳ್ಳೆಯದೇ. ಆದರೆ ರಿಪೇರಿಯೂ ಸರಕಾರದ್ದೇ ಅಂತ ಜನ ಅಂದುಕೊಂಡರು. ಆಮೇಲೆ ಸಿಗಡಿಯ ದುಡ್ಡು ಬಂತು, ಕಗ್ಗ ಕಮ್ಮಿಯಾಯಿತು.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ಹೊಳೆಯ ಹಳೇ ಸೇತುವೆ ಕುಸಿದದ್ದು ನಿಮಗೆಲ್ಲ ನೆನಪಿದೆ. ನೀರಿಗೆ ಬಿದ್ದ ಲಾರಿಯ ಚಾಲಕನನ್ನು ಬದುಕಿಸಿದವರಲ್ಲಿ ನಮ್ಮ ಮೀನುಗಾರರೂ ಇದ್ದರು. ಆ ಕತ್ತಲಲ್ಲಿ ಹೊಳೆಯ ಸೆಳೆತ ಗೊತ್ತಿದ್ದವರು ಅವರೇ. ಇವತ್ತು ಅವರ ಕೇರಿಯಿಂದ ಐದು ಜನ ಬಂದಿದ್ದಾರೆ. ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ದಯವಿಟ್ಟು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇದೆ.

ಬಾಡಿಗೆ ಮನೆಯವರನ್ನೂ ಮರೆಯಬೇಡಿ. ನಮ್ಮ ಸಂಘದ ಸದಸ್ಯತ್ವ ಮನೆ ಮಾಲೀಕರಿಗೆ ಮಾತ್ರ ಅಂತಿತ್ತು. ನೀರು ಹೊಕ್ಕ ಮೂರು ಮನೆಯಲ್ಲಿ ಎರಡರ ಮಾಲೀಕರು ಗೋವಾದಲ್ಲಿದ್ದರು. ಹಾಸಿಗೆ ಎತ್ತಿ ಅಟ್ಟಕ್ಕೆ ಹಾಕಿದವರು ಬಾಡಿಗೆಯವರು.

ಸರಿ. ಆ ಮೇಜಿನ ಮೇಲೆ ನಾಲ್ಕು ಡ್ರಾಯಿಂಗ್ ಹಾಳೆ ಅಂಟಿಸಿದ್ದೇವೆ. ಗುಡ್ಡದ ಬುಡದಿಂದ ಸಮುದ್ರದವರೆಗೆ ನಾಲಾದ ಗೆರೆ ಎಳೆದಿದೆ, ಅಷ್ಟೆ. ಉಳಿದದ್ದು ಖಾಲಿ. ನಿಮ್ಮ ಓಣಿಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಯಾವ ಮೋರಿ ಕಟ್ಟುತ್ತದೆ, ಅಲ್ಲಿ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ. ಪಕ್ಕದ ಓಣಿಯವರು ಹಾಕಿದ ಗುರುತು ಅಳಿಸಬೇಡಿ. ರಬ್ಬರು ನಾನು ಬೇಕಂತಲೇ ಇಟ್ಟಿಲ್ಲ.

ಮುಂದಿನ ಭಾನುವಾರ ನಡೆಯಲು ಹೋಗೋಣ. ಎಷ್ಟು ಗಂಟೆಗೆ ಅಂತ ನಾನು ಹೇಳುವುದಿಲ್ಲ, ತಾಂಡೇಲರು ಹೇಳುತ್ತಾರೆ. ಚಹಾ ಬಂದಿದೆ.