ನೆಲ ಒದ್ದೆಯಾಗಲಿ ಬಿಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಚಿತ್ರದುರ್ಗ ಜಿಲ್ಲೆಯಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿ ಕೆಲಸ ಮಾಡಿದವಳು. ಈಗ ನಿವೃತ್ತಿ ಆಗಿದೆ. ಹಾಗಾಗಿ ನನ್ನ ತಪ್ಪನ್ನು ನಾನೇ ಹೇಳಿಕೊಳ್ಳೋದಕ್ಕೆ ಸಂಕೋಚ ಇಲ್ಲ. ಇವತ್ತಿನ ಮಾತು ಅಲ್ಲಿಂದಲೇ ಶುರು.

ಹೊಳಲ್ಕೆರೆ ಕಡೆ ಒಂದು ಹಳ್ಳಿ. ನಾನು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅಂಗನವಾಡಿ ಒಳಗೆ ಕಾಲಿಟ್ಟರೆ ನೆಲವೆಲ್ಲ ನೀರು. ನಡುವೆ ಒಂದು ಪ್ಲಾಸ್ಟಿಕ್ ಟಬ್. ಸುತ್ತ ಎಂಟು ಹತ್ತು ಮಕ್ಕಳು, ಅಂಗಿ ತೋಳೆಲ್ಲ ಒದ್ದೆ. ಬಾಗಿಲಲ್ಲೇ ನಿಂತು, 'ಏನಮ್ಮ ಇದು, ಯಾರಾದ್ರೂ ಜಾರಿ ಬಿದ್ರೆ?' ಅಂದೆ. ಅಷ್ಟೇ, ಬೈಯಲಿಲ್ಲ. ರಿಜಿಸ್ಟರ್ ನೋಡಿದೆ, ತೂಕದ ಚಾರ್ಟ್ ನೋಡಿದೆ, ಸಹಿ ಹಾಕಿ ಬಂದೆ.

ಮುಂದಿನ ತಿಂಗಳು ಹೋದಾಗ ನೆಲ ಒಣಗಿತ್ತು. ಮಕ್ಕಳು ಸಾಲಾಗಿ ಕೈಕಟ್ಟಿ ಕೂತು ಅ ಆ ಇ ಈ ಒಪ್ಪಿಸುತ್ತಿದ್ದರು. ಟಬ್ ಅಟ್ಟ ಸೇರಿತ್ತು. ನಾನು ಭೇಟಿ ಪುಸ್ತಕದಲ್ಲಿ 'ಶಿಸ್ತು ಚೆನ್ನಾಗಿದೆ' ಎಂದು ಬರೆದೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಆ ಟಬ್ ಅಲ್ಲಿಗೆ ಹೇಗೆ ಬಂತು ಅಂತ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ, ಅಲ್ಲಿನ ಸಹಾಯಕಿಯಿಂದ. ವಯಸ್ಸಾದವರು, ಮಕ್ಕಳೆಲ್ಲ ಅಜ್ಜಿ ಅಂತಲೇ ಕರೆಯುತ್ತಿದ್ದರು. ಅವರು ಮೊಟ್ಟೆ ಬೇಯಿಸೋ ಮುಂಚೆ ಒಂದೊಂದನ್ನೇ ನೀರಿಗೆ ಬಿಡುತ್ತಿದ್ದರು. ಮುಳುಗಿದ್ದು ಒಲೆಗೆ, ತೇಲಿದ್ದು ಪಕ್ಕಕ್ಕೆ. ಒಬ್ಬ ಹುಡುಗ 'ಅದ್ಯಾಕಜ್ಜಿ ಮೇಲೆ ಬಂತು?' ಅಂತ ಕೇಳಿದ್ದಾನೆ. 'ಹಳೇದಾಗೈತೆ ಕಣೋ, ಒಳಗೆ ಗಾಳಿ ತುಂಬ್ಕಂಡೈತೆ' ಅಂದಿದ್ದಾರೆ ಅಜ್ಜಿ.

ಎಷ್ಟು ಸರಿಯಾದ ಉತ್ತರ ನೋಡಿ! ಮೊಟ್ಟೆ ಚಿಪ್ಪಿನ ತುಂಬ ಸೂಕ್ಷ್ಮ ತೂತುಗಳಿರುತ್ತವೆ, ಸಾವಿರಾರು. ದಿನ ಕಳೆದ ಹಾಗೆ ಒಳಗಿನ ತೇವ ಆರಿಹೋಗಿ, ಆ ಜಾಗಕ್ಕೆ ಗಾಳಿ ಸೇರುತ್ತದೆ. ಮೊಟ್ಟೆ ಅಷ್ಟೇ ದಪ್ಪ, ತೂಕ ಮಾತ್ರ ಕಡಿಮೆ. ಅದಕ್ಕೇ ತೇಲುತ್ತದೆ. ಅಜ್ಜಿ ಶಾಲೆಗೆ ಹೋದವರಲ್ಲ. ಟೀಚರಮ್ಮ ಇದನ್ನು ಕೇಳಿಸಿಕೊಂಡು ಮರುದಿನ ಟಬ್ ತಂದಿಟ್ಟಿದ್ದರು. ಅದನ್ನೇ ನಾನು ಒಂದೇ ಮಾತಲ್ಲಿ ಅಟ್ಟಕ್ಕೆ ಹತ್ತಿಸಿದ್ದು.

ಮಿದುಳಿನ ಬೆಳವಣಿಗೆಯಲ್ಲಿ ಶೇಕಡಾ 85ಕ್ಕಿಂತ ಜಾಸ್ತಿ ಭಾಗ ಆರು ವರ್ಷದೊಳಗೇ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಅಂಗನವಾಡಿ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ಬಂದಿದ್ದು ಟಿ. ನರಸೀಪುರಕ್ಕೆ. ಅಂದಿನಿಂದ ಮಕ್ಕಳ ತೂಕ, ಊಟ, ಚುಚ್ಚುಮದ್ದಿನ ಲೆಕ್ಕ ಇಡೋದನ್ನು ನಾವು ಚೆನ್ನಾಗಿಯೇ ಕಲಿತೆವು. ಮಗು ಏನು ಕೇಳಿತು ಅನ್ನೋದನ್ನು ಬರೆದಿಡೋ ರಿಜಿಸ್ಟರ್ ಮಾತ್ರ ನನ್ನ ಕೈಗೆ ಸಿಗಲಿಲ್ಲ. ಈಗ ಎಲ್ಲ ಮೊಬೈಲಲ್ಲೇ ತುಂಬಬೇಕು. ನೆಟ್‌ವರ್ಕ್ ಸಿಗೋ ಕಟ್ಟೆ ಹುಡುಕೋದೇ ಟೀಚರಮ್ಮನಿಗೆ ಅರ್ಧ ಕೆಲಸ.

ವಿಜ್ಞಾನ ಅಂದ ತಕ್ಷಣ ಕಿಟ್ ಬೇಕು, ದುಡ್ಡು ಬೇಕು ಅನ್ನುತ್ತಾರೆ. ನಾಲ್ಕು ವರ್ಷದ ಮಗುವಿಗೆ ಟಬ್ ಸಾಕು. ನಮ್ಮ ಕಡೆ ಶೇಂಗಾಕ್ಕೇನು ಬರವೇ? ಹುಣಸೆ ಬೀಜ, ಕುಂಬಳಕಾಯಿ, ಒಂದು ಕಲ್ಲಿನ ಚೂರು ಇದ್ದರೆ ಪ್ರಯೋಗಾಲಯ ಸಿದ್ಧ. ದೊಡ್ಡದು ಮುಳುಗುತ್ತೆ, ಚಿಕ್ಕದು ತೇಲುತ್ತೆ ಅಂತ ಮಕ್ಕಳು ಮೊದಲು ಹೇಳುತ್ತಾರೆ. ಕುಂಬಳಕಾಯಿ ನೀರಿಗೆ ಬಿಡಿ, ತೇಲುತ್ತದೆ. ಹುಣಸೆ ಬೀಜ ಬಿಡಿ, ಸೀದಾ ತಳಕ್ಕೆ. ಆಗ ಆ ಮುಖಗಳನ್ನು ನೋಡಬೇಕು!

ನೆರಳೂ ಪುಕ್ಕಟೆಯೇ. ಅಂಗಳದಲ್ಲಿ ಒಂದು ಕೋಲು ನೆಟ್ಟು, ನೆರಳಿನ ತುದಿಗೆ ಗಂಟೆಗೊಂದು ಕಲ್ಲು ಇಡಿ. ಚಿತ್ರದುರ್ಗದಲ್ಲಿ ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ, ಹನ್ನೆರಡೂವರೆ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೇ ಬಂದು ಕೋಲಿನ ನೆರಳು ಕಾಲಡಿ ಸೇರಿಬಿಡುತ್ತದೆ. ಆಗಸ್ಟ್‌ನಲ್ಲಿ ಮೋಡ ಕೈಕೊಡಬಹುದು, ಅದು ಬೇರೆ ಮಾತು.

ಒಂದು ಎಚ್ಚರ. ಈ ವಯಸ್ಸಿನ ಮಕ್ಕಳು ಬೀಜವನ್ನು ಮೂಗಿಗೋ ಕಿವಿಗೋ ಬಾಯಿಗೋ ಹಾಕಿಕೊಂಡುಬಿಡುತ್ತಾರೆ. ಎಣಿಸಿ ಕೊಡಿ, ಎಣಿಸಿ ವಾಪಸ್ ತಗೊಳ್ಳಿ. ಟಬ್ ಹತ್ತಿರ ದೊಡ್ಡವರೊಬ್ಬರು ಇರಲೇಬೇಕು. ಕೆಳಗೆ ಒಂದು ಗೋಣಿಚೀಲ ಹಾಸಿದರೆ ಯಾರೂ ಜಾರೋದಿಲ್ಲ. ನಾನು ಅವತ್ತು ಹೇಳಬೇಕಾಗಿದ್ದದ್ದು ಈ ಗೋಣಿಚೀಲದ ಮಾತು.

ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆಯಲ್ಲ, ಅಲ್ಲಿಗೆ ಹಳ್ಳಿ ಶಾಲೆಗಳ ವಿಜ್ಞಾನದ ಮೇಷ್ಟ್ರುಗಳು ತರಬೇತಿಗೆ ಬರುತ್ತಾರೆ. ಸುಮ್ನೆ ಭಾಷಣ ಕೇಳಿ ಹೋಗೋದಿಲ್ಲ, ಪ್ರಯೋಗ ಮಾಡಿಯೇ ಕಲಿಯುತ್ತಾರೆ. ಅಂಗನವಾಡಿ ಟೀಚರಿಗೂ ಬೇಕಾಗಿರೋದು ಅದೇ ರೀತಿ. ಅದನ್ನು ಕೊಡಬೇಕಾದವಳು ತಿಂಗಳು ತಿಂಗಳು ಹೋಗಿ ಬರೋ ಮೇಲ್ವಿಚಾರಕಿ.

ಆಮೇಲೆ ನಾನು ಮಾಡಿದ್ದಿಷ್ಟು. ಕೇಂದ್ರಕ್ಕೆ ಹೋದ ಕೂಡಲೇ ರಿಜಿಸ್ಟರ್ ಕೇಳೋದು ಬಿಟ್ಟೆ. ಮೊದಲ ಒಂದು ಗಂಟೆ ಮಕ್ಕಳ ಜೊತೆ ಚಾಪೆ ಮೇಲೆ ಕೂರುತ್ತಿದ್ದೆ. ಮಗು ಆಡಿದ ಮಾತನ್ನು ಆಡಿದ ಹಾಗೇ ಬರೆದುಕೊಳ್ಳುತ್ತಿದ್ದೆ. ಹೊರಡುವಾಗ ಟೀಚರಿಗೆ ಹೇಳುತ್ತಿದ್ದದ್ದು ಒಂದೇ ಸಂಗತಿ. ಹತ್ತು ಹೇಳಿದರೆ ಒಂದೂ ಉಳಿಯೋದಿಲ್ಲ. ಮುಂದಿನ ತಿಂಗಳು ಹೋಗಿ ಆ ಒಂದನ್ನೇ ಕೇಳುತ್ತಿದ್ದೆ. ತಿಂಗಳ ಸಭೆಯಲ್ಲೂ ಸುತ್ತೋಲೆ ಓದಿ ಮುಗಿದ ಮೇಲೆ ಒಬ್ಬ ಟೀಚರ್ ತಾವು ಮಾಡಿಸಿದ್ದನ್ನು ಮಾಡಿ ತೋರಿಸಬೇಕಿತ್ತು. ಅಂಗನವಾಡಿಗಳಿಗೆ ಅಂತಲೇ ಇರೋ ಚಿಲಿಪಿಲಿ ಪುಸ್ತಕದಲ್ಲಿ ಚಟುವಟಿಕೆಗಳೇನೋ ಇದ್ದವು. ಪಕ್ಕದ ಊರಿನ ಟೀಚರ್ ಮಾಡಿದ್ದನ್ನು ಕಣ್ಣಾರೆ ನೋಡಿದಾಗ ಬರೋ ಧೈರ್ಯವೇ ಬೇರೆ.

ನನ್ನ ಪಾಲಿಗೆ 24 ಕೇಂದ್ರಗಳಿದ್ದವು. ಎಲ್ಲ ಕಡೆ ಹೀಗೆ ಕೂರೋಕೆ ಆಯಿತು ಅಂದರೆ ಸುಳ್ಳಾಗುತ್ತದೆ. ಬಸ್ ತಪ್ಪಿದ ದಿನ ಸಹಿ ಹಾಕಿ ಓಡಿಬಂದಿದ್ದೂ ಇದೆ.

ಆ ಹಳ್ಳಿಗೆ ಮತ್ತೆ ಹೋದೆ. ಟಬ್ ಇಳಿಸಿ ಅಂತ ನಾನೇ ಕೇಳಿದೆ. ಟೀಚರಮ್ಮ ನನ್ನ ಮುಖವನ್ನೇ ನೋಡಿದರು, ನಂಬಿಕೆ ಬರಲಿಲ್ಲ ಅಂತ ಕಾಣುತ್ತೆ. ಒಂದು ಹುಡುಗಿ ಸಿಪ್ಪೆ ಸಮೇತ ಶೇಂಗಾಕಾಯಿ ಬಿಟ್ಟಳು, ತೇಲಿತು. ಒಡೆದು ಬೀಜ ಬಿಟ್ಟಳು, ಮುಳುಗಿತು. 'ಯಾಕೆ ಗೊತ್ತಾ ಪುಟ್ಟಿ?' ಅಂತ ನಾನು ಬಾಯಿ ತೆರೆದೆ. ಟೀಚರಮ್ಮ ಮೆಲ್ಲಗೆ, 'ಮೇಡಂ, ಸ್ವಲ್ಪ ತಡೀರಿ' ಅಂದರು. ತಡೆದೆ. ಹುಡುಗಿ ಎರಡು ಸಿಪ್ಪೆಗಳನ್ನೂ ಮುಚ್ಚಿ, ಕಿವಿ ಹತ್ತಿರ ಅಲ್ಲಾಡಿಸಿ, ಮತ್ತೆ ನೀರಿಗೆ ಬಿಟ್ಟಳು. ಇನ್ನೊಬ್ಬ ಕಿತ್ತುಕೊಂಡ. ಅವಳು ನೀರು ಎರಚಿದಳು. ನನ್ನ ಸೀರೆಯೂ ಒದ್ದೆಯಾಯಿತು. ಅಷ್ಟರಲ್ಲಿ ಮೊಟ್ಟೆ ಬೇಯಿಸೋ ಹೊತ್ತಾಗಿತ್ತು. ಅಜ್ಜಿ ಒಳಗಿಂದ ಬಂದು, ಟಬ್ ಕೊಡ್ರೋ ಅಂದರು.

ನಮಸ್ಕಾರ.