ಫಿನ್ಲೆಂಡಿನ ಎರಡು ವಿಮಾನ, ಒಬ್ಬ ಪೈಲಟ್

ನಮಸ್ಕಾರ ಕೇಳುಗರೇ.

ದೊಡ್ಡ ದೇಶಗಳ ಯುದ್ಧವಿಮಾನಗಳ ಬಗ್ಗೆ ಬೇಕಾದಷ್ಟು ಕೇಳಿದ್ದೇವೆ, ಅಲ್ವಾ? ನನಗೆ ಮಾತ್ರ ಪುಟ್ಟ ದೇಶಗಳ ಹಳೇ ವಿಮಾನಗಳ ಮೇಲೆ ಪ್ರೀತಿ ಜಾಸ್ತಿ. ಆ ದೇಶಗಳಿಗೆ ಆರಿಸಿಕೊಳ್ಳುವ ಭಾಗ್ಯ ಇರುವುದಿಲ್ಲ. ಇರುವ ದುಡ್ಡಿಗೆ ಏನು ಸಿಗುತ್ತದೋ ಅದನ್ನೇ ತಂದು, ತಿದ್ದಿ ತೀಡಿ, ಅದರಲ್ಲೇ ಆಕಾಶ ಕಾಯಬೇಕು. ಇವತ್ತು ಫಿನ್ಲೆಂಡಿನ ಅಂಥ ಎರಡು ವಿಮಾನಗಳ ಕತೆ ಹೇಳುತ್ತೇನೆ. ಎರಡನ್ನೂ ಹಾರಿಸಿದವರು ಒಬ್ಬರೇ ಪೈಲಟ್, ಲೌರಿ ಪೆಕುರಿ.

1939ರ ನವೆಂಬರಿನಲ್ಲಿ ಸೋವಿಯತ್ ಒಕ್ಕೂಟ ಫಿನ್ಲೆಂಡಿನ ಮೇಲೆ ದಾಳಿ ಮಾಡಿತು. ಫಿನ್ಲೆಂಡಿಗೆ ವಿಮಾನ ಬೇಕಿತ್ತು, ಅದೂ ತಕ್ಷಣ. ಅಮೆರಿಕದಿಂದ 44 ಬ್ರೂಸ್ಟರ್ ವಿಮಾನಗಳು ಸಿಕ್ಕವು. ಗಿಡ್ಡ, ಡುಮ್ಮ ವಿಮಾನ. ಬಿಡಿಭಾಗಗಳಾಗಿ ಬಂದವನ್ನು ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಲ್ಲಿ ಜೋಡಿಸುತ್ತಿರುವಾಗಲೇ, 1940ರ ಮಾರ್ಚಿನಲ್ಲಿ, ಆ ಯುದ್ಧ ಮುಗಿದುಹೋಯಿತು. ಅವು ಕೆಲಸಕ್ಕೆ ಬಂದಿದ್ದು 1941ರಲ್ಲಿ, ಫಿನ್ಲೆಂಡ್ ಜರ್ಮನಿಯ ಜೊತೆ ನಿಂತು ಮತ್ತೆ ಸೋವಿಯತ್ ವಿರುದ್ಧ ಯುದ್ಧಕ್ಕೆ ಇಳಿದಾಗ.

ಇದೇ ಬ್ರೂಸ್ಟರ್ ಬೇರೆ ಕಡೆ ಕೆಟ್ಟ ಹೆಸರು ತೆಗೆದುಕೊಂಡಿತ್ತು. ಮಲಯದಲ್ಲಿ ಬ್ರಿಟಿಷರು, ಮಿಡ್‌ವೇಯಲ್ಲಿ ಅಮೆರಿಕನ್ನರು ಇದನ್ನು ಹಾರಿಸಿ ಜಪಾನೀಯರ ಕೈಲಿ ಸೋತು ಸುಣ್ಣವಾದರು. ಫಿನ್ಲೆಂಡಿನವರಿಗೆ ಮಾತ್ರ ಅದು ಆಕಾಶದ ಮುತ್ತು! ಅವರ 24ನೇ ಸ್ಕ್ವಾಡ್ರನ್ನಿನ ಲೆಕ್ಕದಂತೆ ಬ್ರೂಸ್ಟರ್‌ಗಳು ಬೀಳಿಸಿದ್ದು 459 ವಿಮಾನ, ಕಾಳಗದಲ್ಲಿ ಕಳೆದುಕೊಂಡಿದ್ದು 15. ಯುದ್ಧಕಾಲದ ಲೆಕ್ಕ, ಸ್ವಲ್ಪ ಹೆಚ್ಚುಕಮ್ಮಿ ಇದ್ದೀತು. ಆದರೂ ಇಷ್ಟು ಅಂತರ ಹೇಗೆ?

ಬ್ರೂಸ್ಟರ್ ಮೂಲದಲ್ಲಿ ಅಮೆರಿಕದ ನೌಕಾಪಡೆಗೆಂದು ಮಾಡಿದ ವಿಮಾನ. ಮೊದಲನೆಯದಾಗಿ, ನೌಕಾಪಡೆಗೆ ಬೇಕಾಗುವ ಭಾರದ ಸಾಮಾನು ಇವರ ವಿಮಾನಗಳಲ್ಲಿ ಇರಲಿಲ್ಲ, ಹಾಗಾಗಿ ಹಗುರ. ಆಮೇಲೆ ಮೆಕ್ಯಾನಿಕ್‌ಗಳ ಕೈಚಳಕ. ಎಂಜಿನ್ನಿನ ಒಳಗೆ ಆಯಿಲ್ ಸರಿಯಾಗಿ ಹರಡದೆ ತೊಂದರೆ ಕೊಡುತ್ತಿತ್ತು. ಹೊಸ ಎಂಜಿನ್ ತರಿಸೋಣ ಅಂದರೆ ಎಲ್ಲಿಂದ? ಪ್ರತಿ ಸಿಲಿಂಡರಿನಲ್ಲೂ ಒಂದು ಪಿಸ್ಟನ್ ರಿಂಗನ್ನು ತಲೆಕೆಳಗು ಮಾಡಿ ಕೂರಿಸಿದರು. ಅಷ್ಟೇ! ಎಂಜಿನ್ ದಾರಿಗೆ ಬಂತು. ಪೈಲಟ್‌ಗಳನ್ನು ಎಲ್ಲರೂ ಹೊಗಳುತ್ತಾರೆ, ನನ್ನ ಪ್ರಕಾರ ಆ ರಿಂಗ್ ತಿರುಗಿಸಿದವರಿಗೂ ಅಷ್ಟೇ ಪಾಲು ಸಲ್ಲಬೇಕು.

1942ರ ಜೂನ್ 25ರಂದು ಪೆಕುರಿ ಹಾರಿಸುತ್ತಿದ್ದ ಬಿಡಬ್ಲ್ಯು-372 ಎಂಬ ಬ್ರೂಸ್ಟರ್‌ಗೆ ಸೋವಿಯತ್ತಿನ ಹರಿಕೇನ್ ಯುದ್ಧವಿಮಾನಗಳ ಗುಂಡು ಬಿತ್ತು. ಅವರು ವಿಮಾನವನ್ನು ಒಂದು ಕೆರೆಯ ಮೇಲೆ ಇಳಿಸಿ, ಈಜಿ ದಡ ಸೇರಿ, ಕಾಡಿನಲ್ಲಿ ನಡೆದು ತಮ್ಮವರನ್ನು ಮುಟ್ಟಿದರು. ವಿಮಾನ ಮುಳುಗಿತು. 1998ರಲ್ಲಿ ಅದನ್ನು ಎತ್ತಿದಾಗ ಪೆಕುರಿ ಇನ್ನೂ ಬದುಕಿದ್ದರು. ತಣ್ಣನೆಯ ಸಿಹಿನೀರಿನಲ್ಲಿ 56 ವರ್ಷ ಮಲಗಿದ್ದರೂ ಮೈ ಮೇಲಿನ ಕಪ್ಪು-ಹಸಿರು ಬಣ್ಣ ಉಳಿದಿತ್ತು.

ಎರಡನೆಯ ವಿಮಾನ ನ್ಯಾಟ್. ಯುದ್ಧ ಮುಗಿದ ಮೇಲೆ 1947ರ ಪ್ಯಾರಿಸ್ ಒಪ್ಪಂದ ಫಿನ್ಲೆಂಡಿನ ವಾಯುಪಡೆಗೆ 60 ವಿಮಾನಗಳ ಮಿತಿ ಹಾಕಿತ್ತು. ಆಗ ಅವರ ಕಣ್ಣಿಗೆ ಬಿದ್ದಿದ್ದು ಇಂಗ್ಲೆಂಡಿನ ಈ ಪುಟಾಣಿ ಜೆಟ್, ರೆಕ್ಕೆಯ ತುದಿಯಿಂದ ತುದಿಗೆ ಏಳು ಮೀಟರೂ ಇಲ್ಲ. ಬ್ರಿಟನ್ ಇದನ್ನು ತರಬೇತಿಗೆ ಬಳಸಿತೇ ಹೊರತು ಯುದ್ಧಕ್ಕೆಂದು ಕೊಳ್ಳಲಿಲ್ಲ. ಕೊಂಡಿದ್ದು ಫಿನ್ಲೆಂಡ್ ಮತ್ತು ನಾವು. ಯುಗೊಸ್ಲಾವಿಯಾ ಸುಮ್ನೆ ಎರಡು ತಗೊಂಡು ಪರೀಕ್ಷಿಸಿ ಬಿಟ್ಟುಬಿಟ್ಟಿತು. 1958ರ ಜುಲೈ 31ರಂದು ಲುಓನೆತ್‌ಯಾರ್ವಿ ನೆಲೆಯ ಮೇಲೆ, ನ್ಯಾಟ್ ಹಾರಿಸುತ್ತಾ, ಫಿನ್ಲೆಂಡಿನಲ್ಲಿ ಮೊದಲ ಬಾರಿಗೆ ಶಬ್ದದ ವೇಗ ದಾಟಿದವರು ಮೇಜರ್ ಲೌರಿ ಪೆಕುರಿ. ಕೆರೆಯಿಂದ ಈಜಿ ಬಂದ ಅದೇ ಪೆಕುರಿ!

ನ್ಯಾಟ್ ಸುಲಭದ ವಿಮಾನ ಆಗಿರಲಿಲ್ಲ. ಹೈಡ್ರಾಲಿಕ್ ತೊಂದರೆಯಿಂದ ಫಿನ್ಲೆಂಡಿನಲ್ಲಿ ಕೆಲಕಾಲ ಹಾರಾಟವನ್ನೇ ನಿಲ್ಲಿಸಬೇಕಾಯಿತು. 1972ರಲ್ಲಿ ಅಲ್ಲಿ ಅದರ ಸೇವೆ ಮುಗಿಯಿತು. ನಮ್ಮಲ್ಲಿ ಬೆಂಗಳೂರಿನ ಎಚ್‌ಎಎಲ್ ನ್ಯಾಟ್‌ಗಳನ್ನು ತಾನೇ ಕಟ್ಟಿತು, ತಿದ್ದಿ ಅಜೀತ್ ಎಂಬ ಹೊಸ ರೂಪವನ್ನೂ ಕೊಟ್ಟಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಕೊನೆಯುಸಿರಿನವರೆಗೆ ಕಾದಾಡಿದ್ದು ನ್ಯಾಟ್‌ನಲ್ಲೇ. ನಮ್ಮ ವಾಯುಪಡೆಗೆ ಪರಮವೀರ ಚಕ್ರ ತಂದವರು ಅವರೊಬ್ಬರೇ.

ಕೆರೆಯಿಂದ ಎತ್ತಿದ ಬ್ರೂಸ್ಟರ್ ಮೊದಲು ಅಮೆರಿಕಕ್ಕೆ ಹೋಯಿತು. 2008ರಲ್ಲಿ ಫಿನ್ಲೆಂಡಿನ ಟಿಕ್ಕಕೋಸ್ಕಿಯ ವಿಮಾನ ಸಂಗ್ರಹಾಲಯಕ್ಕೆ ಬಂತು. ಪೆಕುರಿ ಶಬ್ದದ ವೇಗ ದಾಟಿದ ನೆಲೆ ಇರುವುದೂ ಅದೇ ಊರಿನಲ್ಲಿ. ಬ್ರೂಸ್ಟರ್‌ಗೆ ಹೊಸ ಬಣ್ಣ ಬಳಿಯದೆ, ನೀರಿನಿಂದ ಬಂದ ಹಾಗೇ ಇಟ್ಟಿದ್ದಾರೆ. ತುಂಬ ಒಳ್ಳೆಯ ಕೆಲಸ ಮಾಡಿದ್ದಾರೆ. ಆ ಕಡೆ ಹೋಗುವ ಅವಕಾಶ ಸಿಕ್ಕರೆ ತಪ್ಪದೆ ನೋಡಿ. ಅಷ್ಟು ದೂರ ಆಗದಿದ್ದರೆ ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯದಲ್ಲಿ ಅಜೀತ್ ಇದೆ, ಮಕ್ಕಳನ್ನೂ ಕರೆದುಕೊಂಡು ಹೋಗಿ.

ನಮಸ್ಕಾರ.